ಹೊಸ ಸಾಫ್ಟ್‌ವೇರಿನಲ್ಲಿ ಹಳೆಯ ಪ್ಲಗಿನ್‌ಗಳು

ಕ್ಯೂಬೇಸ್, ಲಾಜಿಕ್, ಪ್ರೋ ಟೂಲ್ಸ್, ಏಬಲ್ಟನ್ ಲೈವ್, ರೀಪರ್ ಮೊದಲಾದ ರೆಕಾರ್ಡಿಂಗ್ ಸಾಫ್ಟ್‌ವೇರುಗಳು ದನಿಯನ್ನು ಮುದ್ರಿಸಿಕೊಳ್ಳುತ್ತವೆ, ಟ್ರ್ಯಾಕುಗಳಲ್ಲಿ ಜೋಡಿಸುತ್ತವೆ, ಬೆರೆಸಿ ಒಂದು ಹಾಡಾಗಿ ಹೊರಗೆ ಕೊಡುತ್ತವೆ. ದನಿಯ ಬಣ್ಣ ಬದಲಿಸುವ ಕೆಲಸ ಬಹುಪಾಲು ಪ್ಲಗಿನ್‌ಗಳದ್ದು. ಗಾಯಕಿಯ ಕಂಠಕ್ಕೆ ದೊಡ್ಡ ಸಭಾಂಗಣದ ಅನುರಣನ ಸೇರಿಸುವ ರಿವರ್ಬ್, ಏರಿಳಿತವನ್ನು ಹದಕ್ಕೆ ತರುವ ಕಂಪ್ರೆಸರ್, ಕೀಬೋರ್ಡ್ ಒತ್ತಿದಾಗ ಪಿಟೀಲಾಗಿಯೋ ತಬಲಾ ಆಗಿಯೋ ನುಡಿಯುವ ಸಾಫ್ಟ್‌ವೇರ್ ವಾದ್ಯ ಎಲ್ಲವೂ ಪ್ಲಗಿನ್‌ಗಳೇ. ಇವನ್ನು ಬರೆಯುವವರು ಒಬ್ಬರು, ರೆಕಾರ್ಡಿಂಗ್ ಸಾಫ್ಟ್‌ವೇರ್ ತಯಾರಿಸುವವರು ಮತ್ತೊಬ್ಬರು. ಇಬ್ಬರೂ ಬೇರೆ ಬೇರೆ ವೇಗದಲ್ಲಿ ನಡೆಯುತ್ತಾರೆ. ಸಾಫ್ಟ್‌ವೇರಿಗೆ ವರ್ಷಕ್ಕೊಂದು ಹೊಸ ಆವೃತ್ತಿ ಬರುತ್ತದೆ. ಪ್ಲಗಿನ್ ಬರೆದವರು ಎಷ್ಟೋ ಸಲ ಕೆಲಸವನ್ನೇ ನಿಲ್ಲಿಸಿರುತ್ತಾರೆ. ಹಾಗಾಗಿ ಹತ್ತು ಹದಿನೈದು ವರ್ಷಗಳ ಹಿಂದೆ ಮಾಡಿಟ್ಟ ಹಾಡೊಂದನ್ನು ಇವತ್ತಿನ ಕಂಪ್ಯೂಟರಿನಲ್ಲಿ ತೆರೆದರೆ, ಕಂಠ ಕೇಳುತ್ತದೆ, ವಾದ್ಯಗಳು ಮೌನವಾಗಿರುತ್ತವೆ. ಪರದೆಯ ಮೇಲೆ ಸಿಗದೆ ಹೋದ ಪ್ಲಗಿನ್‌ಗಳ ಪಟ್ಟಿ ಬರುತ್ತದೆ.

ಇದು ಏಕೆ ಹೀಗಾಗುತ್ತದೆ ಎಂದು ತಿಳಿಯಲು ಪ್ಲಗಿನ್ ಕೆಲಸ ಮಾಡುವ ರೀತಿಯನ್ನು ನೋಡಬೇಕು. ಪ್ಲಗಿನ್ ತಾನೇ ಓಡುವ ಪ್ರೋಗ್ರಾಮ್ ಅಲ್ಲ. ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ಒಂದು ಡಿಎಲ್‌ಎಲ್ ಫೈಲ್. ಆತಿಥೇಯ ಸಾಫ್ಟ್‌ವೇರ್, ಅಂದರೆ ಹೋಸ್ಟ್, ಆ ಫೈಲನ್ನು ತನ್ನದೇ ಮೆಮೊರಿಯೊಳಗೆ ಎಳೆದುಕೊಂಡು ಅದರಲ್ಲಿರುವ ಫಂಕ್ಷನ್‌ಗಳನ್ನು ಕರೆಯುತ್ತದೆ. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ ಮುದ್ರಣವಾದ ದನಿಯನ್ನು 256 ಅಥವಾ 512 ಮಾದರಿಗಳ ಸಣ್ಣ ಕಂತುಗಳಾಗಿ ಪ್ಲಗಿನ್ ಕೈಗೆ ಕೊಡುತ್ತದೆ. ಪ್ಲಗಿನ್ ಅದನ್ನು ಸಂಸ್ಕರಿಸಿ ಮರಳಿಸುತ್ತದೆ. 256ರ ಒಂದು ಕಂತಿಗೆ ಸಿಗುವ ಕಾಲ ಆರು ಮಿಲಿಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಉತ್ತರ ಬರದಿದ್ದರೆ ಸ್ಪೀಕರಿನಲ್ಲಿ ಚಟಪಟ ಸದ್ದು ಕೇಳುತ್ತದೆ. ಇಷ್ಟು ನಿಕಟವಾದ ಕೊಡುಕೊಳೆ ನಡೆಯಬೇಕಾದರೆ ಎರಡೂ ಕಡೆಯವರು ಒಂದೇ ಒಪ್ಪಂದಕ್ಕೆ ಬದ್ಧರಾಗಿರಬೇಕು: ಯಾವ ಫಂಕ್ಷನ್‌ಗೆ ಯಾವ ಹೆಸರು, ಯಾವ ಸಂಖ್ಯೆ ಯಾವ ಗಾತ್ರದ್ದು, ಯಾವ ಪ್ರೊಸೆಸರಿಗೆ ಬರೆದ ಸೂಚನೆಗಳು. ಇವುಗಳಲ್ಲಿ ಒಂದು ಬದಲಾದರೂ ಪ್ಲಗಿನ್ ತೆರೆದುಕೊಳ್ಳುವುದಿಲ್ಲ. ಅದರ ದನಿ ಹಳತಾಗಿದೆ ಎಂಬುದು ಇಲ್ಲಿ ಕಾರಣವೇ ಅಲ್ಲ. ಇಪ್ಪತ್ತು ವರ್ಷ ಹಿಂದಿನ ರಿವರ್ಬಿನ ಗಣಿತ ಇವತ್ತಿಗೂ ಅಷ್ಟೇ ಸರಿಯಾಗಿದೆ. ಮುರಿದಿರುವುದು ಒಪ್ಪಂದ ಮಾತ್ರ.

ಈ ಒಪ್ಪಂದಗಳಲ್ಲಿ ಹೆಚ್ಚು ಬಳಕೆಗೆ ಬಂದದ್ದು ಜರ್ಮನಿಯ ಹ್ಯಾಂಬರ್ಗ್ ನಗರದ ಸ್ಟೈನ್‌ಬರ್ಗ್ ಕಂಪನಿಯ ವಿಎಸ್‌ಟಿ. 1996ರಲ್ಲಿ ಕ್ಯೂಬೇಸ್ ಜೊತೆ ಅದು ಹೊರಬಂತು. ಅದರ ನಿಯಮಾವಳಿಯನ್ನು ಸ್ಟೈನ್‌ಬರ್ಗ್ ಎಲ್ಲರಿಗೂ ತೆರೆದಿಟ್ಟಿತು. ಯಾರು ಬೇಕಾದರೂ ಪ್ಲಗಿನ್ ಬರೆಯಬಹುದಾಯಿತು. 1999ರ ಎರಡನೇ ಆವೃತ್ತಿ, ಯಾವ ಸ್ವರ ಯಾವಾಗ ನುಡಿಯಬೇಕು ಎಂದು ಹೇಳುವ ಮಿಡಿ ಸಂಕೇತಗಳನ್ನು ಪ್ಲಗಿನ್‌ಗೆ ತಲುಪಿಸುವ ದಾರಿ ಮಾಡಿದ್ದರಿಂದ ಸಾಫ್ಟ್‌ವೇರ್ ವಾದ್ಯಗಳ ಸುಗ್ಗಿಯೇ ಶುರುವಾಯಿತು. ಮನೆಯ ಕೋಣೆಯಲ್ಲಿ ಕುಳಿತು ಪ್ಲಗಿನ್ ಬರೆದು ಉಚಿತವಾಗಿ ಹಂಚಿದವರು ಆ ಕಾಲದಲ್ಲಿ ಬಹಳ ಮಂದಿ. ಸಿಂಥ್‌ಎಡಿಟ್‌ನಂಥ ಉಪಕರಣಗಳು ಬಂದ ಮೇಲೆ ಪ್ರೋಗ್ರಾಮಿಂಗ್ ಬಾರದವರೂ ಚೌಕಗಳನ್ನು ತಂತಿಗಳಿಂದ ಜೋಡಿಸಿದಂತೆ ಜೋಡಿಸಿ ಪ್ಲಗಿನ್ ತಯಾರಿಸಿದರು. 2008ರಲ್ಲಿ ವಿಎಸ್‌ಟಿ 3 ಬಂತು. ಆಪಲ್ ತನ್ನ ಮ್ಯಾಕ್‌ಗಳಿಗಾಗಿ ಆಡಿಯೊ ಯೂನಿಟ್ಸ್ ಎಂಬ ಬೇರೆ ಒಪ್ಪಂದ ಮಾಡಿಕೊಂಡಿತು. ಪ್ರೋ ಟೂಲ್ಸ್ ಮೊದಲು ಟಿಡಿಎಂ, ಆರ್‌ಟಿಎಎಸ್ ಎಂಬ ತನ್ನದೇ ಬಗೆಗಳನ್ನು ಇಟ್ಟುಕೊಂಡಿತ್ತು. 2011ರಲ್ಲಿ ಎಎಎಕ್ಸ್ ತಂದು, 2013ರ ಹನ್ನೊಂದನೇ ಆವೃತ್ತಿಯಲ್ಲಿ ಹಳೆಯವನ್ನು ಪೂರ್ತಿ ಕೈಬಿಟ್ಟಿತು.

ಹಳೆಯ ಪ್ಲಗಿನ್‌ಗಳಿಗೆ ಬಿದ್ದ ಮೊದಲ ದೊಡ್ಡ ಹೊಡೆತ 32-ಬಿಟ್‌ನಿಂದ 64-ಬಿಟ್‌ಗೆ ಆದ ಬದಲಾವಣೆ. 32-ಬಿಟ್ ಪ್ರೋಗ್ರಾಮ್ ಮೆಮೊರಿಯ ವಿಳಾಸವನ್ನು 32 ಅಂಕಿಗಳ ದ್ವಿಮಾನ ಸಂಖ್ಯೆಯಲ್ಲಿ ಬರೆದುಕೊಳ್ಳುತ್ತದೆ. ಅದರಿಂದ ತಲುಪಬಹುದಾದ ವಿಳಾಸಗಳು 4,29,49,67,296, ಅಂದರೆ 4 ಗಿಗಾಬೈಟ್. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಅದರ ಅರ್ಧವಷ್ಟೇ ಪ್ರೋಗ್ರಾಮಿಗೆ ಸಿಗುತ್ತಿತ್ತು. ಒಂದೊಂದು ಸ್ವರವನ್ನೂ ಹಲವು ಬಿರುಸಿನಲ್ಲಿ ರೆಕಾರ್ಡ್ ಮಾಡಿದ ಪಿಯಾನೊ ವಾದ್ಯ ಒಂದೇ ಕೆಲವು ಗಿಗಾಬೈಟ್ ತುಂಬುವ ಕಾಲ ಬಂದಾಗ ಈ ಮಿತಿ ಸಾಲದಾಯಿತು. ಹೋಸ್ಟ್‌ಗಳು 64-ಬಿಟ್‌ಗೆ ಹೋದವು. ಆದರೆ 64-ಬಿಟ್ ಪ್ರೋಗ್ರಾಮಿನೊಳಗೆ 32-ಬಿಟ್ ಡಿಎಲ್‌ಎಲ್ ಸೇರಿಕೊಳ್ಳಲಾರದು. ವಿಳಾಸ ಬರೆಯಲು ಒಂದಕ್ಕೆ ನಾಲ್ಕು ಬೈಟ್ ಬೇಕು, ಇನ್ನೊಂದಕ್ಕೆ ಎಂಟು. ಒಂದು ಕಳಿಸಿದ ವಿಳಾಸ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. 2013ರ ಲಾಜಿಕ್ ಪ್ರೋ ಎಕ್ಸ್, 2016ರ ಕೊನೆಯ ಕ್ಯೂಬೇಸ್ 9, 2018ರ ಏಬಲ್ಟನ್ ಲೈವ್ 10 ಒಂದೊಂದಾಗಿ 32-ಬಿಟ್ ಪ್ಲಗಿನ್‌ಗಳಿಗೆ ಬಾಗಿಲು ಹಾಕಿದವು. 2019ರ ಮ್ಯಾಕ್‌ಒಎಸ್ ಕ್ಯಾಟಲಿನಾ ಇನ್ನೂ ಮುಂದೆ ಹೋಗಿ 32-ಬಿಟ್ ಪ್ರೋಗ್ರಾಮುಗಳನ್ನೇ ಕೈಬಿಟ್ಟಿತು. ದುಡ್ಡು ತೆಗೆದುಕೊಳ್ಳುವ ಕಂಪನಿಗಳು 64-ಬಿಟ್ ಆವೃತ್ತಿ ಹೊರತಂದವು. ಉಚಿತವಾಗಿ ಹಂಚಿ ಬೇರೆ ಕೆಲಸಕ್ಕೆ ಹೋದವರ ಪ್ಲಗಿನ್‌ಗಳು ಎಲ್ಲಿದ್ದವೋ ಅಲ್ಲೇ ಉಳಿದವು. ಎಷ್ಟು ಸೊಗಸಾದ ವಾದ್ಯಗಳು ಹೀಗೆ ಅನಾಥವಾದವು ಎಂಬುದು ಆ ಕಾಲದ ಸಂಗೀತ ನಿರ್ಮಾಪಕರಿಗೆ ಗೊತ್ತು.

ಕೈಯಲ್ಲಿರುವ ಡಿಎಲ್‌ಎಲ್ ಯಾವ ಬಗೆಯದು ಎಂದು ತಿಳಿಯುವುದು ರಿಪೇರಿಯ ಮೊದಲ ಹೆಜ್ಜೆ. ವಿಂಡೋಸ್‌ನಲ್ಲಿ 32-ಬಿಟ್ ಪ್ರೋಗ್ರಾಮುಗಳು ಎಕ್ಸ್86 ಎಂಬ ಗುರುತಿರುವ ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿಗೆ ಹೋಗಬೇಕು ಎಂಬುದು ರೂಢಿ, ಆದರೆ ಪ್ಲಗಿನ್‌ಗಳ ವಿಷಯದಲ್ಲಿ ಆ ರೂಢಿಯನ್ನು ನಂಬುವಂತಿಲ್ಲ. ಅವನ್ನು ಕಾಪಿ ಮಾಡಿ ಎಲ್ಲೆಂದರಲ್ಲಿ ಇಟ್ಟಿರುತ್ತಾರೆ. ಸರಳ ಉಪಾಯವೊಂದಿದೆ. ಡಿಎಲ್‌ಎಲ್‌ನ ಒಂದು ಪ್ರತಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣಿಸುತ್ತದೆ. ಆರಂಭದಲ್ಲೇ, ಈ ಪ್ರೋಗ್ರಾಮನ್ನು ಡಾಸ್‌ನಲ್ಲಿ ಓಡಿಸಲಾಗದು ಎಂಬ ಇಂಗ್ಲಿಷ್ ವಾಕ್ಯದ ನಂತರ, ಪಿ ಮತ್ತು ಇ ಎಂಬ ಎರಡು ದೊಡ್ಡ ಅಕ್ಷರಗಳಿರುತ್ತವೆ. ಅವುಗಳ ನಂತರವೇ ದೊಡ್ಡ ಎಲ್ ಅಕ್ಷರ ಕಂಡರೆ ಅದು 32-ಬಿಟ್. ಸಣ್ಣ ಡಿ ಅಕ್ಷರ, ಪಕ್ಕದಲ್ಲಿ ಕಠಾರಿಯಂಥ ಚಿಹ್ನೆ ಕಂಡರೆ 64-ಬಿಟ್. ಯಾವ ಬಗೆಯ ಪ್ರೊಸೆಸರಿಗಾಗಿ ಫೈಲನ್ನು ಸಿದ್ಧಪಡಿಸಲಾಗಿದೆ ಎಂಬ ಸಂಕೇತ ಸಂಖ್ಯೆಯೇ ಹೀಗೆ ಅಕ್ಷರವಾಗಿ ತೋರುತ್ತದೆ. ನೋಡಿದ ಮೇಲೆ ಫೈಲನ್ನು ಸೇವ್ ಮಾಡದೆ ಮುಚ್ಚಬೇಕು. ಸೇವ್ ಆದರೆ ಆ ಪ್ರತಿ ಕೆಟ್ಟುಹೋಗುತ್ತದೆ.

32-ಬಿಟ್ ಎಂದು ಖಚಿತವಾದರೆ ಮುಂದಿನ ದಾರಿ ಬ್ರಿಜ್. ಎರಡು ಭಾಷೆಯವರ ನಡುವೆ ಕೂರುವ ದುಭಾಷಿಯ ಕೆಲಸ ಅದರದ್ದು. ಬ್ರಿಜ್ ಒಂದು ಪ್ರತ್ಯೇಕ 32-ಬಿಟ್ ಪ್ರೋಗ್ರಾಮನ್ನು ಶುರು ಮಾಡಿ, ಹಳೆಯ ಪ್ಲಗಿನ್ ಅನ್ನು ಅದರೊಳಗೆ ತೆರೆಯುತ್ತದೆ. ಹೋಸ್ಟ್‌ನ ಕಣ್ಣಿಗೆ ಬೀಳುವುದು ಒಂದು ಸಣ್ಣ 64-ಬಿಟ್ ಡಿಎಲ್‌ಎಲ್ ಮಾತ್ರ. ದನಿಯ ಕಂತುಗಳು ಎರಡೂ ಪ್ರೋಗ್ರಾಮುಗಳು ಹಂಚಿಕೊಂಡ ಮೆಮೊರಿಯ ತುಣುಕೊಂದರ ಮೂಲಕ ಅತ್ತಿಂದಿತ್ತ ಓಡಾಡುತ್ತವೆ. ರೀಪರ್ ಮತ್ತು ಎಫ್‌ಎಲ್ ಸ್ಟುಡಿಯೊಗಳಲ್ಲಿ ಈ ಸೌಲಭ್ಯ ಒಳಗೇ ಇದೆ. ಬಳಕೆದಾರರಿಗೆ ಅದು ನಡೆಯುತ್ತಿರುವುದೇ ಬಹಳ ಸಲ ತಿಳಿಯುವುದಿಲ್ಲ. ಕ್ಯೂಬೇಸ್‌ನಂಥ ಹೋಸ್ಟ್‌ಗಳಿಗೆ ವಿಂಡೋಸ್‌ನಲ್ಲಿ ಜೆಬ್ರಿಜ್ ಎಂಬ ಪುಟ್ಟ ಸಾಫ್ಟ್‌ವೇರ್ ವರ್ಷಗಳಿಂದ ಕೈಹಿಡಿದಿದೆ. ಲಿನಕ್ಸ್ ಬಳಸುವವರಿಗೆ ವೈನ್ ಮತ್ತು ಯಾಬ್ರಿಜ್ ಸೇರಿ ವಿಂಡೋಸ್ ಪ್ಲಗಿನ್‌ಗಳನ್ನೇ ಓಡಿಸಿಕೊಡುತ್ತವೆ, ಹಳೆಯ 32-ಬಿಟ್ ಪ್ಲಗಿನ್‌ಗಳನ್ನೂ ಕೂಡ. ಕ್ಯಾಟಲಿನಾ ಮತ್ತು ನಂತರದ ಮ್ಯಾಕ್‌ಗಳಲ್ಲಿ ಮಾತ್ರ ಬ್ರಿಜ್‌ಗೆ ಜಾಗವಿಲ್ಲ, ಏಕೆಂದರೆ 32-ಬಿಟ್ ಸೂಚನೆಗಳನ್ನು ಓಡಿಸುವ ನೆಲೆಯೇ ಅಲ್ಲಿ ಇಲ್ಲ.

ಬ್ರಿಜ್ ಪುಕ್ಕಟೆಯಾಗಿ ಬರುವುದಿಲ್ಲ. ಪ್ರತಿ ಕಂತಿಗೂ ಎರಡು ಪ್ರೋಗ್ರಾಮುಗಳು ಒಂದನ್ನೊಂದು ಎಬ್ಬಿಸಿ ಕಾಯಬೇಕು. ನಾಲ್ಕಾರು ಪ್ಲಗಿನ್‌ಗಳಿದ್ದರೆ ಇದು ಗಮನಕ್ಕೆ ಬಾರದು. ನಲವತ್ತು ಇದ್ದರೆ ಪ್ರೊಸೆಸರಿನ ಹೊರೆ ಏರುತ್ತದೆ. ಕೆಲವು ಪ್ಲಗಿನ್‌ಗಳ ಕಿಟಕಿ ಹೋಸ್ಟ್‌ನಿಂದ ಬೇರೆಯಾಗಿ ತೇಲುತ್ತದೆ, ಟೈಪ್ ಮಾಡಿದ್ದು ಅದಕ್ಕೆ ತಲುಪುವುದಿಲ್ಲ. ಆದರೆ ಒಂದು ಲಾಭವೂ ಉಂಟು. ಹೋಸ್ಟ್‌ನೊಳಗೇ ಇರುವ ಪ್ಲಗಿನ್ ಕುಸಿದರೆ ಇಡೀ ಸಾಫ್ಟ್‌ವೇರ್ ಜೊತೆಗೆ ಕುಸಿಯುತ್ತದೆ, ಉಳಿಸದ ಕೆಲಸ ಹೋಗುತ್ತದೆ. ಬ್ರಿಜ್‌ನಲ್ಲಿರುವುದು ಕುಸಿದರೆ ಸಾಮಾನ್ಯವಾಗಿ ಆ ಒಂದು ವಾದ್ಯ ಮಾತ್ರ ನಿಲ್ಲುತ್ತದೆ. ಈ ಕಾರಣಕ್ಕೆ 64-ಬಿಟ್‌ನ ಎಡವಟ್ಟು ಪ್ಲಗಿನ್‌ಗಳನ್ನೂ ಬೇಕೆಂದೇ ಬ್ರಿಜ್‌ನಲ್ಲಿ ಇಡುವವರಿದ್ದಾರೆ, ಅದು ಒಳ್ಳೆಯ ಅಭ್ಯಾಸ.

ಎರಡನೆಯ ಹೊಡೆತ ಇನ್ನೂ ಬೀಳುತ್ತಿದೆ. ಅದು ವಿಎಸ್‌ಟಿ 2ರ ನಿವೃತ್ತಿ. 2018ರ ಅಕ್ಟೋಬರಿನ ನಂತರ ಸ್ಟೈನ್‌ಬರ್ಗ್ ಹೊಸಬರಿಗೆ ವಿಎಸ್‌ಟಿ 2 ಪರವಾನಗಿ ಕೊಡುವುದನ್ನು ನಿಲ್ಲಿಸಿತು. 2022ರ ಜನವರಿಯಲ್ಲಿ, ಇಪ್ಪತ್ತನಾಲ್ಕು ತಿಂಗಳೊಳಗೆ ತನ್ನ ಹೋಸ್ಟ್‌ಗಳಿಂದ ಅದನ್ನು ತೆಗೆಯುವ ಯೋಜನೆ ಪ್ರಕಟಿಸಿತು. ಆಪಲ್‌ನ ಹೊಸ ಪ್ರೊಸೆಸರಿನಲ್ಲಿ ನೇರವಾಗಿ ಓಡುವ ಕ್ಯೂಬೇಸ್ 12 ವಿಎಸ್‌ಟಿ 3 ಪ್ಲಗಿನ್‌ಗಳನ್ನು ಮಾತ್ರ ತೆರೆಯುತ್ತದೆ. ಬೇರೆ ಕಂಪನಿಗಳ ಅನೇಕ ಹೋಸ್ಟ್‌ಗಳು ವಿಎಸ್‌ಟಿ 2 ಅನ್ನು ಈಗಲೂ ಇಟ್ಟುಕೊಂಡಿರುವುದರಿಂದ ತುರ್ತಿನ ಗಾಬರಿ ಬೇಕಿಲ್ಲ. ಹೋಸ್ಟ್ ವಿಎಸ್‌ಟಿ 3 ಮಾತ್ರ ಒಪ್ಪುವುದಾದರೆ ಬ್ಲೂ ಕ್ಯಾಟ್‌ನ ಪ್ಯಾಚ್‌ವರ್ಕ್, ಡಿಡಿಎಂಎಫ್‌ನ ಮೆಟಾಪ್ಲಗಿನ್ ಇಂಥ ಹೊದಿಕೆ ಪ್ಲಗಿನ್‌ಗಳಿವೆ. ಅವು ಹೊರಗೆ ವಿಎಸ್‌ಟಿ 3 ಆಗಿ ಕಾಣಿಸಿಕೊಂಡು, ಒಳಗೆ ಹಳೆಯ ವಿಎಸ್‌ಟಿ 2 ಅನ್ನು ತೆರೆಯುತ್ತವೆ.

ಒಂದೇ ಪ್ಲಗಿನ್‌ನ ಹಳೆಯ ವಿಎಸ್‌ಟಿ 2 ತೆಗೆದು ಹೊಸ ವಿಎಸ್‌ಟಿ 3 ಹಾಕಿದಾಗಲೂ ಹಳೆಯ ಪ್ರಾಜೆಕ್ಟ್ ಅದನ್ನು ಗುರುತಿಸದೇ ಇರಬಹುದು. ಪ್ರಾಜೆಕ್ಟ್ ಫೈಲ್ ಪ್ಲಗಿನ್ ಅನ್ನು ಹುಡುಕುವುದು ಮುಖ್ಯವಾಗಿ ಗುರುತಿನ ಸಂಖ್ಯೆಯಿಂದ. ವಿಎಸ್‌ಟಿ 2ರಲ್ಲಿ ಅದು ನಾಲ್ಕು ಅಕ್ಷರಗಳ ಸಂಕೇತ, ವಿಎಸ್‌ಟಿ 3ರಲ್ಲಿ 128 ಬಿಟ್‌ಗಳ ಉದ್ದನೆಯ ಸಂಖ್ಯೆ. ಹೊಸದು ಹಳೆಯದರ ಸ್ಥಾನ ತುಂಬುತ್ತದೆ ಎಂದು ತಯಾರಕರು ಸಾರುವ ವ್ಯವಸ್ಥೆ ವಿಎಸ್‌ಟಿ 3ರಲ್ಲಿ ಇದೆ. ಅದನ್ನು ಪಾಲಿಸಿದ್ದರೆ ಗುಂಡಿಗಳ ಸ್ಥಾನವೂ ಸೇರಿ ಎಲ್ಲ ಸರಾಗವಾಗಿ ಬರುತ್ತದೆ. ಪಾಲಿಸದಿದ್ದರೆ ಕಾಲಕಾಲಕ್ಕೆ ಗುಂಡಿ ತಿರುಗಿಸಲು ಬರೆದಿಟ್ಟ ಆಟೊಮೇಷನ್ ಗೆರೆಗಳು ಅನಾಥವಾಗುತ್ತವೆ. ಹಾಗಾಗಿ ಹಳೆಯ ಪ್ರಾಜೆಕ್ಟ್ ತೆರೆದು, ಪ್ಲಗಿನ್ ಸಿಗುತ್ತಿಲ್ಲ ಎಂಬ ಸೂಚನೆ ಬಂದ ಕೂಡಲೇ ಅದೇ ಹೆಸರಿನಲ್ಲಿ ಸೇವ್ ಮಾಡಬಾರದು. ಮೂಲ ಫೈಲಿನಲ್ಲಿ ಗುಂಡಿಗಳ ಮಾಹಿತಿ ಇನ್ನೂ ಕುಳಿತಿರುತ್ತದೆ. ಬೇರೆ ಹೆಸರಿನ ಪ್ರತಿಯಲ್ಲಿ ಕೆಲಸ ಮಾಡಿದರೆ ಪ್ಲಗಿನ್ ಮುಂದೆಂದಾದರೂ ಸಿಕ್ಕಾಗ ಅದು ಮರಳುತ್ತದೆ.

ಮ್ಯಾಕ್ ಬಳಸುವವರಿಗೆ ಪ್ರೊಸೆಸರ್ ಬದಲಾವಣೆಯ ಕಷ್ಟ ಬೇರೆ. 2006ರಲ್ಲಿ ಪವರ್‌ಪಿಸಿಯಿಂದ ಇಂಟೆಲ್‌ಗೆ, 2020ರ ನವೆಂಬರಿನಲ್ಲಿ ಇಂಟೆಲ್‌ನಿಂದ ಆಪಲ್‌ನದೇ ಎಂ1ಗೆ ಹೋದಾಗ ಹಳೆಯ ಸೂಚನೆಗಳನ್ನು ಹೊಸದಕ್ಕೆ ಅನುವಾದಿಸಲು ರೊಸೆಟಾ ಎಂಬ ಸಾಫ್ಟ್‌ವೇರ್ ನೆರವಿಗೆ ಬಂತು. ಇಂಟೆಲ್‌ಗೆ ಬರೆದ ಪ್ಲಗಿನ್ ಬಳಸಲು ಸಾಮಾನ್ಯವಾಗಿ ಇಡೀ ಹೋಸ್ಟ್ ಅನ್ನೇ ರೊಸೆಟಾದಲ್ಲಿ ತೆರೆಯಬೇಕು. ಲಾಜಿಕ್ ಇದಕ್ಕೆ ಹೊರತು: ಅದು ಆಡಿಯೊ ಯೂನಿಟ್‌ಗಳನ್ನು ಪ್ರತ್ಯೇಕ ಪ್ರೋಗ್ರಾಮಿನಲ್ಲಿ ಓಡಿಸಬಲ್ಲುದರಿಂದ ತಾನು ಹೊಸ ಪ್ರೊಸೆಸರಿನಲ್ಲೇ ಇದ್ದು ಹಳೆಯದನ್ನು ರೊಸೆಟಾಗೆ ಒಪ್ಪಿಸುತ್ತದೆ. ಮೊದಲ ರೊಸೆಟಾ 2011ರಲ್ಲಿ ಲಯನ್ ಆವೃತ್ತಿಯೊಂದಿಗೆ ಮಾಯವಾಯಿತು. ಎರಡನೆಯದು ಮ್ಯಾಕ್‌ಒಎಸ್ 27ರವರೆಗೆ ಪೂರ್ತಿಯಾಗಿ ಇರುತ್ತದೆ, ಆಮೇಲೆ ಕೆಲವು ಹಳೆಯ ಆಟಗಳಿಗಷ್ಟೇ ಉಳಿಯುತ್ತದೆ ಎಂದು ಆಪಲ್ 2025ರಲ್ಲಿ ತಿಳಿಸಿದೆ. ಇಂಟೆಲ್ ಕಾಲದ ಪ್ಲಗಿನ್‌ಗಳನ್ನು ನೆಚ್ಚಿಕೊಂಡವರಿಗೆ ಇದು ಕೆಲಸ ಮುಗಿಸಿಕೊಳ್ಳಲು ಸಿಕ್ಕ ಗಡುವು.

ಪ್ಲಗಿನ್ ಸರಿಯಾದ ಬಗೆಯದೇ ಆಗಿದ್ದೂ ತೆರೆಯದಿದ್ದರೆ ಕಾರಣ ಚಿಕ್ಕದಿರಬಹುದು. ಹಳೆಯ ಡಿಎಲ್‌ಎಲ್‌ಗಳು ಮೈಕ್ರೋಸಾಫ್ಟ್‌ನ ವಿಷುವಲ್ ಸಿ++ ರನ್‌ಟೈಮ್ ಎಂಬ ಸಹಾಯಕ ಫೈಲುಗಳನ್ನು ಬಯಸುತ್ತವೆ; ಹೊಸ ಕಂಪ್ಯೂಟರಿನಲ್ಲಿ ಆ ಹಳೆಯ ಆವೃತ್ತಿ ಇರುವುದಿಲ್ಲ. ಇನ್ನು ಕೆಲವು ತಮ್ಮ ಸೆಟ್ಟಿಂಗುಗಳನ್ನು ತಾವಿರುವ ಫೋಲ್ಡರಿನಲ್ಲೇ ಬರೆದುಕೊಳ್ಳುತ್ತಿದ್ದವು. ವಿಂಡೋಸ್ ವಿಸ್ಟಾದಿಂದೀಚೆಗೆ ಪ್ರೋಗ್ರಾಮ್ ಫೈಲ್ಸ್ ಒಳಗೆ ಹಾಗೆ ಬರೆಯಲು ಅನುಮತಿ ಇಲ್ಲ. ಸಿ ಡ್ರೈವಿನಲ್ಲಿ ಬೇರೆಯೇ ಫೋಲ್ಡರ್ ಮಾಡಿ ಅಲ್ಲಿಟ್ಟರೆ ಎಷ್ಟೋ ಪ್ಲಗಿನ್‌ಗಳು ಸುಮ್ಮನೆ ಎದ್ದು ಕೂರುತ್ತವೆ. ಕ್ಯೂಬೇಸ್ ಆರಂಭದಲ್ಲೇ ಪ್ಲಗಿನ್‌ಗಳನ್ನು ತಪಾಸಣೆ ಮಾಡಿ ಅನುಮಾನ ಬಂದವನ್ನು ನಿಷೇಧದ ಪಟ್ಟಿಗೆ ಸೇರಿಸುತ್ತದೆ. 64-ಬಿಟ್ ಆಗಿದ್ದರೆ ಅಲ್ಲಿಂದ ಬಿಡಿಸಿಕೊಳ್ಳಬಹುದು. ಕಿಟಕಿ ತೀರಾ ಪುಟ್ಟದಾಗಿ ಕಾಣುವುದಕ್ಕೆ ಹಳೆಯ ಚಿತ್ರಗಳು 1024 ಪಿಕ್ಸೆಲ್ ಅಗಲದ ಪರದೆಗೆ ಬರೆದವು ಎಂಬುದೇ ಕಾರಣ, ಅದಕ್ಕೆ ಪರದೆಯ ಸ್ಕೇಲಿಂಗ್ ಬದಲಿಸಿ ನೋಡಬಹುದಷ್ಟೆ.

ವಿಚಿತ್ರವಾಗಿ ತೋರುವ ತೊಂದರೆಯೊಂದಿದೆ: ಹಾಡು ನಿಂತ ಮೇಲೆ ಪ್ರೊಸೆಸರಿನ ಹೊರೆ ಏರುವುದು. ರಿವರ್ಬಿನ ಬಾಲ ಕ್ಷೀಣಿಸುತ್ತ ಹೋದಂತೆ ದನಿಯ ಸಂಖ್ಯೆಗಳು ದಶಮಾಂಶ ಬಿಂದುವಿನ ನಂತರ ಮೂವತ್ತೇಳು ಸೊನ್ನೆಗಳನ್ನೂ ದಾಟಿ ಸಣ್ಣದಾಗುತ್ತವೆ. ಕಿವಿಗೆ ಅದು ಶುದ್ಧ ಮೌನ. ಪ್ರೊಸೆಸರಿಗೆ ಮಾತ್ರ ಅಂಥ ಸಂಖ್ಯೆಗಳ ಲೆಕ್ಕ ಮಾಮೂಲಿಗಿಂತ ಬಹಳ ನಿಧಾನ. ಹೊಸ ಪ್ಲಗಿನ್‌ಗಳು ಇಂಥವನ್ನು ಸೊನ್ನೆಯೆಂದೇ ಎಣಿಸುತ್ತವೆ; ಹಳೆಯ ಲೆಕ್ಕಪದ್ಧತಿಯವು ಎಣಿಸುವುದಿಲ್ಲ. ಆ ಪ್ಲಗಿನ್‌ಗೆ ಹೋಗುವ ದನಿಯಲ್ಲಿ ಕಿವಿಗೆ ಕೇಳಿಸದಷ್ಟು ಸಣ್ಣ ಗುಸುಗುಸು ಬೆರೆಸಿದರೆ ಸಂಖ್ಯೆಗಳು ಅಷ್ಟು ಕೆಳಗೆ ಇಳಿಯುವುದೇ ಇಲ್ಲ, ತೊಂದರೆ ನಿಲ್ಲುತ್ತದೆ.

ಬೀಗಗಳ ವಿಷಯ ಮಾತ್ರ ಬಳಕೆದಾರರ ಕೈಮೀರಿದ್ದು. ಯುಎಸ್‌ಬಿ ಡಾಂಗಲ್ ಇದ್ದರಷ್ಟೇ ತೆರೆಯುವ, ಇಲ್ಲವೇ ತಯಾರಕರ ಸರ್ವರಿನಿಂದ ಒಪ್ಪಿಗೆ ಬೇಡುವ ಪ್ಲಗಿನ್‌ಗಳು ಆ ವ್ಯವಸ್ಥೆ ನಿಂತ ದಿನ ಹೊಸ ಕಂಪ್ಯೂಟರಿಗೆ ಬರಲಾರವು. ಸ್ಟೈನ್‌ಬರ್ಗ್ ಉತ್ಪನ್ನಗಳನ್ನು ಎರಡು ದಶಕ ಕಾದ ಇಲೈಸೆನ್ಸರ್ ಸೇವೆ 2025ರ ಮೇ ತಿಂಗಳಲ್ಲಿ ಮುಚ್ಚಿತು. ಕ್ಯಾಮೆಲ್ ಆಡಿಯೊ ಕಂಪನಿ 2015ರ ಆರಂಭದಲ್ಲಿ ಆಪಲ್ ಪಾಲಾದಾಗ ಅದರ ಆಲ್ಕೆಮಿ ವಾದ್ಯ ಲಾಜಿಕ್‌ನೊಳಗೆ ಸೇರಿತು, ಉಳಿದ ಪ್ಲಗಿನ್‌ಗಳ ಮಾರಾಟ ನಿಂತಿತು. ಹಣ ಕೊಟ್ಟು ಕೊಂಡವರು ಇನ್‌ಸ್ಟಾಲರ್, ಸೀರಿಯಲ್ ನಂಬರುಗಳನ್ನು ತಾವೇ ಜೋಪಾನವಾಗಿ ಇಟ್ಟುಕೊಳ್ಳಬೇಕಾದ್ದು ಇದಕ್ಕೇ.

ಇದಕ್ಕೆ ಎದುರಾದ ಸಂತೋಷದ ಉದಾಹರಣೆಗಳೂ ಇವೆ. ಸರ್ಜ್ ಎಂಬ ಸಿಂಥಸೈಜರ್ ಮೊದಲು ಮಾರಾಟದ ಸರಕಾಗಿತ್ತು. 2018ರಲ್ಲಿ ಅದರ ಮೂಲ ಕೋಡ್ ಅನ್ನು ಬರೆದವರೇ ಸಾರ್ವಜನಿಕಗೊಳಿಸಿದರು. ಆಸಕ್ತರು ಸೇರಿ ಅದನ್ನು ಸರ್ಜ್ ಎಕ್ಸ್‌ಟಿ ಎಂಬ ಹೆಸರಿನಲ್ಲಿ ಬೆಳೆಸಿದರು. ಈಗ ಅದು ವಿಂಡೋಸ್, ಲಿನಕ್ಸ್, ಹೊಸ ಮ್ಯಾಕ್ ಎಲ್ಲದರಲ್ಲೂ ಓಡುತ್ತದೆ. ಎಂಡಿಎ ಎಂಬ ಹೆಸರಿನ ಹಳೆಯ ಉಚಿತ ಪ್ಲಗಿನ್‌ಗಳ ಕೋಡ್ ಕೂಡ ತೆರೆದಿದ್ದರಿಂದ ಅವು ಸ್ಟೈನ್‌ಬರ್ಗ್‌ನ ವಿಎಸ್‌ಟಿ 3 ಕಿಟ್‌ನಲ್ಲಿ ಮಾದರಿಗಳಾಗಿ ಹೊಸ ಜನ್ಮ ಪಡೆದವು. ಕೆಲಸ ನಿಲ್ಲಿಸುವ ಪ್ಲಗಿನ್ ಲೇಖಕರು ಕೋಡ್ ಬಿಟ್ಟುಹೋದರೆ ಎಷ್ಟು ದೊಡ್ಡ ಉಪಕಾರ ಎಂಬುದಕ್ಕೆ ಇವೇ ಸಾಕ್ಷಿ.

ಹೊಸ ಆವೃತ್ತಿ ಸಿಕ್ಕರೂ ಅದು ಹಳೆಯದರಂತೆಯೇ ನುಡಿಯುತ್ತದೆಯೇ ಎಂದು ಪರೀಕ್ಷಿಸುವುದು ಒಳ್ಳೆಯದು. ಹಳೆಯ ಪ್ಲಗಿನ್‌ನಿಂದ ಬಂದ ದನಿಯನ್ನು ಒಂದು ಟ್ರ್ಯಾಕಿನಲ್ಲೂ ಹೊಸದರಿಂದ ಬಂದದ್ದನ್ನು ಇನ್ನೊಂದರಲ್ಲೂ ಇಟ್ಟು, ಒಂದರ ಫೇಸ್, ಅಂದರೆ ಅಲೆಯ ಏರಿಳಿತ, ತಿರುವುಮುರುವು ಮಾಡಿ ಒಟ್ಟಿಗೆ ನುಡಿಸಬೇಕು. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಅಳಿಸಿಕೊಂಡು ಪೂರ್ಣ ಮೌನ ಉಳಿಯುತ್ತದೆ. ಏನಾದರೂ ಕೇಳಿಸಿದರೆ ಅದೇ ವ್ಯತ್ಯಾಸ. ಕೋರಸ್‌ನಂಥ, ಪ್ರತಿ ಸಲ ಬೇರೆ ಜಾಗದಿಂದ ಶುರುವಾಗುವ ಪ್ಲಗಿನ್‌ಗಳಿಗೆ ಈ ಪರೀಕ್ಷೆ ಒಪ್ಪುವುದಿಲ್ಲ; ಅಲ್ಲಿ ಕಿವಿಯೇ ಪ್ರಮಾಣ.

ಯಾವ ದಾರಿಯೂ ಸಾಗದಿದ್ದರೆ ಹಳೆಯ ಕಂಪ್ಯೂಟರೇ ಗತಿ. ಅದನ್ನು ಇಂಟರ್‌ನೆಟ್ಟಿಗೆ ಜೋಡಿಸದೆ, ಹಳೆಯ ಆವೃತ್ತಿಯ ಸಾಫ್ಟ್‌ವೇರ್ ಸಹಿತ ಹಾಗೇ ಇಟ್ಟುಕೊಂಡಿರುವ ಸ್ಟುಡಿಯೊಗಳಿವೆ. ಕಂಪ್ಯೂಟರ್ ಸಿಗದಿದ್ದರೆ ವರ್ಚುವಲ್ ಮಷೀನ್ ಒಳಗೆ ಹಳೆಯ ವಿಂಡೋಸ್ ಹಾಕಿಯೂ ನೋಡಬಹುದು. ನುಡಿಸುತ್ತ ರೆಕಾರ್ಡ್ ಮಾಡುವಷ್ಟು ಚುರುಕು ಅದಕ್ಕೆ ಇರುವುದಿಲ್ಲ. ಆದರೆ ಹಾಡನ್ನು ಫೈಲಾಗಿ ಹೊರತೆಗೆಯುವಾಗ ಆರು ಮಿಲಿಸೆಕೆಂಡಿನ ಗಡುವು ಅನ್ವಯಿಸುವುದಿಲ್ಲ. ಐದು ನಿಮಿಷದ ಹಾಡಿಗೆ ಅರ್ಧ ಗಂಟೆ ಹಿಡಿದರೂ ಬರುವ ಫೈಲ್ ಸರಿಯಾಗಿಯೇ ಇರುತ್ತದೆ.

ಈ ತಾಪತ್ರಯವೇ ಬಾರದಂತೆ ಮಾಡುವ ಕೆಲಸ ಹಾಡು ಮುಗಿದ ದಿನದ್ದು. ಪ್ರತಿ ಟ್ರ್ಯಾಕನ್ನೂ ಪ್ಲಗಿನ್‌ನ ಪರಿಣಾಮ ಸೇರಿದಂತೆ ವೇವ್ ಫೈಲಾಗಿ ಹೊರತೆಗೆದು ಇಡಬೇಕು. ವೇವ್ ತೆರೆಯದ ರೆಕಾರ್ಡಿಂಗ್ ಸಾಫ್ಟ್‌ವೇರ್ ಇಲ್ಲ. ಅದಕ್ಕೆ ಬೀಗವೂ ಇಲ್ಲ, ಬ್ರಿಜ್ಜೂ ಬೇಡ. ಎಲ್ಲ ಫೈಲುಗಳೂ ಹಾಡಿನ ಮೊದಲ ಕ್ಷಣದಿಂದಲೇ ಶುರುವಾಗಬೇಕು, ಆಗ ಯಾವ ಹೋಸ್ಟ್‌ನಲ್ಲಿ ಹಾಕಿದರೂ ತಾವಾಗಿ ಒಂದಕ್ಕೊಂದು ಕೂಡುತ್ತವೆ. ಪರಿಣಾಮ ಸೇರಿಸದ ಮೂಲ ಪ್ರತಿಯೂ ಪಕ್ಕದಲ್ಲಿರಬೇಕು, ಏಕೆಂದರೆ ಒಮ್ಮೆ ಬೆರೆತ ರಿವರ್ಬನ್ನು ಮತ್ತೆ ಬೇರ್ಪಡಿಸುವುದು ಕಷ್ಟ. ಸಾಫ್ಟ್‌ವೇರ್ ವಾದ್ಯಗಳಿಗೆ ಮಿಡಿ ಫೈಲ್ ಇಟ್ಟುಕೊಂಡರೆ ಅದೇ ಸ್ವರಗಳನ್ನು ಮುಂದೆ ಬೇರೆ ವಾದ್ಯದಿಂದ ನುಡಿಸಬಹುದು. ಜೊತೆಗೆ ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಹಾಡಿನ ವೇಗ, ಶ್ರುತಿ, ಮಾದರಿ ದರ, ಬಳಸಿದ ಪ್ಲಗಿನ್‌ಗಳ ಹೆಸರು, ಅವುಗಳ ಆವೃತ್ತಿ ಸಂಖ್ಯೆ ಬರೆದಿಟ್ಟರೆ, ಆ ಫೋಲ್ಡರ್ ಅನ್ನು ಮುಂದೆ ತೆರೆಯುವವರು ಬೇರೆಯವರಾದರೂ ಕೆಲಸ ಶುರು ಮಾಡಬಹುದು.